ಬೇನೆಯ ಅನುಭವ, ನಿರ್ಬಂಧದ ಅಭಿಪ್ರಾಯ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಹೇರುವ ನಿರ್ಬಂಧಗಳ ಬಗ್ಗೆ ಜನರ ಅಭಿಪ್ರಾಯವನ್ನು ಬಹುಮಟ್ಟಿಗೆ ಎರಡು ಅನುಭವಗಳು ರೂಪಿಸುತ್ತವೆ. ಬೇನೆ ಮನೆಯ ಹೊಸ್ತಿಲು ದಾಟಿತೇ ಎಂಬುದು ಒಂದು. ನಿರ್ಬಂಧದಿಂದ ಮನೆಯ ದುಡಿಮೆ ನಿಂತಿತೇ ಎಂಬುದು ಇನ್ನೊಂದು. ಎರಡೂ ಒಂದೇ ಮನೆಗೆ ಒಂದೇ ಹೊತ್ತಿನಲ್ಲಿ ಬರುವುದು ಕಡಿಮೆ. ಹೆಣ ಹೊತ್ತ ಮನೆಯವರು ಇನ್ನೂ ಬಿಗಿಯಾದ ಕಟ್ಟಳೆ ಬೇಕಿತ್ತು ಎನ್ನುತ್ತಾರೆ. ಮಗ್ಗ ನಿಂತ ಮನೆಯವರು ಆ ಕಟ್ಟಳೆಯೇ ಬೇನೆಗಿಂತ ದೊಡ್ಡ ಬೇನೆಯಾಯಿತು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿರ್ಬಂಧಕ್ಕೆ ತೆತ್ತ ಬೆಲೆ ಎಷ್ಟು ಎಂಬುದಕ್ಕೆ ಅನುಭವ ಗಟ್ಟಿಯಾದ ಸಾಕ್ಷಿ, ಆ ನಿರ್ಬಂಧ ತಡೆದ ಅಪಾಯ ಎಷ್ಟು ಎಂಬುದಕ್ಕೆ ಬಹಳ ದುರ್ಬಲವಾದ ಸಾಕ್ಷಿ. ಒಂದೇ ಸಾಕ್ಷಿಯನ್ನು ಎರಡೂ ಪ್ರಶ್ನೆಗಳಿಗೆ ಕರೆಯುವುದರಿಂದಲೇ ಈ ಜಗಳ ಮುಗಿಯುತ್ತಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆ ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಮೂರು ದೊಡ್ಡ ಬೇನೆಗಳನ್ನು ಕಂಡಿದೆ. ಈ ವ್ಯತ್ಯಾಸವನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಮೊದಲನೆಯದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಈ ರೋಗ ರೈಲಿನ ಹಾದಿ ಹಿಡಿದು ಒಳನಾಡಿಗೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ ಪಟ್ಟಣಗಳು ಅದರ ಬಿಗಿ ಹಿಡಿತಕ್ಕೆ ಸಿಕ್ಕವು. ಗದಗ ಆಗಲೇ ರೈಲು ಜಂಕ್ಷನ್ ಆಗಿತ್ತು. ಹತ್ತಿ ಮತ್ತು ನೇಯ್ಗೆಯ ವ್ಯಾಪಾರದಿಂದ ಜನರ ಓಡಾಟ ಹೆಚ್ಚಿತ್ತು. ಆಡಳಿತದ ನಕ್ಷೆಯಂತೂ ಚೂರುಚೂರಾಗಿತ್ತು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಮುಂಡರಗಿಯಿಂದ ಪೂರ್ವಕ್ಕೆ ಹೋದರೆ ನಿಜಾಮನ ಸೀಮೆ. ಬೇನೆಗೆ ಈ ಗಡಿಗಳು ಗೊತ್ತಿರಲಿಲ್ಲ, ಕಟ್ಟಳೆಗಳಿಗೆ ಮಾತ್ರ ಗೊತ್ತಿದ್ದವು.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ರೈಲಿನಲ್ಲಿ ಪ್ರಯಾಣಿಕರ ತಪಾಸಣೆ, ಮನೆ ಶೋಧ, ರೋಗಿಗಳನ್ನು ಆಸ್ಪತ್ರೆಗೂ ಮನೆಯವರನ್ನು ಶಿಬಿರಕ್ಕೂ ಒಯ್ಯುವುದು, ಸಾಮಾನು ಸುಡುವುದು ಎಲ್ಲವೂ ಈ ಕಾಯ್ದೆಯ ಬಲದಿಂದ ನಡೆದವು. ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದ್ದರ ಸಿಟ್ಟಿಗೆ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮೈಸೂರು ಸಂಸ್ಥಾನದಲ್ಲಿ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನ ಜನ ಪ್ಲೇಗ್ ಕ್ರಮಗಳ ವಿರುದ್ಧ ದಂಗೆ ಎದ್ದರು. ಇವನ್ನು ಓದಿ, ಅಂದಿನ ಜನ ಯಾವ ನಿರ್ಬಂಧಕ್ಕೂ ಒಗ್ಗದವರು, ವಿಜ್ಞಾನಕ್ಕೆ ಹೆದರಿದವರು ಎಂದು ತೀರ್ಮಾನಿಸುವುದು ವಾಡಿಕೆ. ಆ ತೀರ್ಮಾನ ತಪ್ಪು.

ಇದೇ ಜನ ಯಾರೂ ಹೇಳದೆಯೇ ಅದಕ್ಕಿಂತ ಕಠಿಣವಾದ ನಿರ್ಬಂಧವನ್ನು ತಮಗೆ ತಾವೇ ಹಾಕಿಕೊಂಡಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು. ಊರಲ್ಲಿ ಇಲಿ ಬೀಳತೊಡಗಿದರೆ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಹೀಗೆ ಹೊರಗೆ ಉಳಿದ ಕಥೆಗಳು ಇಂದಿಗೂ ಮನೆತನಗಳ ನೆನಪಿನಲ್ಲಿವೆ. ಇದಕ್ಕೆ ವೈದ್ಯಶಾಸ್ತ್ರದ ಆಧಾರ ಆಗ ಇರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟ. ವಿಜ್ಞಾನಿಗಳು ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಅಧಿಕಾರಿಗಳು ಗೋಡೆಗೆ ಸುಣ್ಣ ಬಳಿಸಿ ಮೋರಿಗೆ ಔಷಧ ಸುರಿಯುತ್ತಿದ್ದಾಗ, ಜನ ಇಲಿಯಿಂದ ದೂರ ಸರಿದು ಸರಿಯಾದ ಕೆಲಸ ಮಾಡಿದ್ದರು. ಅನುಭವ ಅಪಾಯವನ್ನೂ ಸರಿಯಾಗಿ ಅಳೆದ ಅಪರೂಪದ ಸಂದರ್ಭವಿದು. ಅಳೆಯಲು ಸಾಧ್ಯವಾದದ್ದು ಅಪಾಯ ಕಣ್ಣಿಗೆ ಕಾಣುತ್ತಿದ್ದರಿಂದ. ಸತ್ತ ಇಲಿ ಮನುಷ್ಯರ ಸಾವಿಗಿಂತ ಮೊದಲೇ ಬೀಳುತ್ತಿತ್ತು.

ಆದ್ದರಿಂದ ಅಂದಿನ ಪ್ರತಿರೋಧವನ್ನು ನಿರ್ಬಂಧಕ್ಕೆ ತೋರಿದ ಪ್ರತಿರೋಧ ಎನ್ನುವುದಕ್ಕಿಂತ, ನಿರ್ಬಂಧ ಹೇರುವ ಕೈಗೆ ತೋರಿದ ಪ್ರತಿರೋಧ ಎನ್ನುವುದು ಸರಿ. ಊರು ಬಿಡಲು ಒಪ್ಪಿದವರು, ಹೆಂಗಸರ ಕೋಣೆಗೆ ಪರಕೀಯ ಸಿಪಾಯಿ ನುಗ್ಗುವುದನ್ನು ಒಪ್ಪಲಿಲ್ಲ. ಗುಡಿಸಲಿನಲ್ಲಿ ಇಡೀ ಮನೆ ಒಟ್ಟಿಗೆ ಇರಬಹುದಿತ್ತು. ಶಿಬಿರದಲ್ಲಿ ತಾಯಿಯನ್ನು ಮಗುವಿನಿಂದ ಬೇರೆ ಮಾಡುತ್ತಿದ್ದರು. ಮುಂಬಯಿ ಸರ್ಕಾರವೂ ಗಲಭೆಗಳ ನಂತರ ಬಲವಂತದ ಶೋಧವನ್ನು ಸಡಿಲಿಸಿ, ಜನ ತಾವಾಗಿ ಊರು ಬಿಡುವುದಕ್ಕೂ ಲಸಿಕೆಗೂ ಒತ್ತು ಕೊಟ್ಟಿತು.

ಲಸಿಕೆಯ ವಿಷಯದಲ್ಲಿ ಈ ಸೀಮೆಗೆ ವೈದ್ಯಕೀಯ ಚರಿತ್ರೆಯಲ್ಲಿ ಒಂದು ಸ್ಥಾನವಿದೆ, ಅದು ಇಲ್ಲಿನವರಿಗೇ ಅಷ್ಟಾಗಿ ತಿಳಿದಿಲ್ಲ. ವಾಲ್ಡೆಮರ್ ಹಾಫ್‌ಕಿನ್ ಮುಂಬಯಿಯಲ್ಲಿ 1897ರಲ್ಲಿ ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಇಡೀ ಪಟ್ಟಣಗಳ ಮಟ್ಟದಲ್ಲಿ ಬಳಸಿ ನೋಡಿದ ಮೊದಲ ಕಡೆಗಳಲ್ಲಿ ಹುಬ್ಬಳ್ಳಿ, ಧಾರವಾಡ, ಗದಗ ಸೇರಿವೆ. ಹುಬ್ಬಳ್ಳಿಯೊಂದರಲ್ಲೇ 1898ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಚುಚ್ಚಿದ ಮೇಲೆ ಜ್ವರ, ತೋಳು ನೋವು ಬರುತ್ತಿತ್ತು, ಗಾಳಿಮಾತುಗಳೂ ಹಬ್ಬಿದ್ದವು. ಹಾಗಿದ್ದರೂ ಜನ ಬಂದದ್ದಕ್ಕೆ ಕಾರಣ ಎರಡು. ಲಸಿಕೆ ಹಾಕಿಸಿಕೊಂಡವರಿಗೆ ಪ್ರಯಾಣ ಮತ್ತು ಪ್ರತ್ಯೇಕವಾಸದ ಕಟ್ಟಳೆಗಳಲ್ಲಿ ರಿಯಾಯಿತಿ ಇತ್ತು. ಅದಕ್ಕಿಂತ ಮುಖ್ಯವಾಗಿ, ಹಾಕಿಸಿಕೊಂಡ ಓಣಿಯವರು ಉಳಿದದ್ದು, ಹಾಕಿಸಿಕೊಳ್ಳದವರು ಹೆಚ್ಚಾಗಿ ಸತ್ತದ್ದು ಒಂದೇ ಊರಿನ ಕಣ್ಣೆದುರಿಗೆ ನಡೆಯಿತು. ಅಂಥ ಹೋಲಿಕೆ ಒಂದು ಮನೆಯ ಅನುಭವದಿಂದ ಸಿಗುವುದಿಲ್ಲ, ಇಡೀ ಊರಿನ ಲೆಕ್ಕ ಬೇಕು.

ಎರಡನೆಯ ಬೇನೆ 1918ರ ಇನ್‌ಫ್ಲುಯೆಂಜಾ. ಮುಂಬಯಿ ಪ್ರಾಂತವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ತೀರಿಕೊಂಡರು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹಸಿವೆಗೆ ಸೊರಗಿದ ಮೈಗಳ ಮೇಲೆ ಜ್ವರ ಬಿತ್ತು. ಯುದ್ಧದಲ್ಲಿ ಮುಳುಗಿದ್ದ ಸರ್ಕಾರ ಪ್ಲೇಗಿನ ಕಾಲದಂಥ ನಿರ್ಬಂಧಗಳನ್ನು ಹೇರಲಿಲ್ಲ. ಪ್ಲೇಗಿಗಿಂತ ವೇಗವಾಗಿ ಕೊಂದ ಈ ಬೇನೆ ಜನರ ನೆನಪಿನಲ್ಲಿ ಪ್ಲೇಗಿನಷ್ಟು ಆಳವಾಗಿ ಉಳಿದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ನಿರ್ಬಂಧವಿಲ್ಲದ ಬೇನೆ ಮನೆಮನೆಯ ದುಃಖವಾಗಿ ಕರಗಿಹೋಗುತ್ತದೆ; ನಿರ್ಬಂಧದೊಂದಿಗೆ ಬಂದ ಬೇನೆ ಊರಿನ ವಾದವಾಗಿ ಉಳಿಯುತ್ತದೆ.

ಮೂರನೆಯದು ಕೊರೊನಾ. 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ಸಂಭವಿಸಿತು. ಮರುದಿನ ರಾಜ್ಯ ಸರ್ಕಾರ 1897ರ ಅದೇ ಕಾಯ್ದೆಯ ಅಡಿಯಲ್ಲಿ ನಿಯಮಗಳನ್ನು ಹೊರಡಿಸಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಕಟವಾದ ರಾಷ್ಟ್ರೀಯ ಲಾಕ್‌ಡೌನ್ ನಾಲ್ಕು ಗಂಟೆಗಳಲ್ಲಿ ಜಾರಿಗೆ ಬಂತು. ಆಗ ಗದಗ ಜಿಲ್ಲೆಯಲ್ಲಿ ಬೇನೆ ಇನ್ನೂ ಕಾಲಿಟ್ಟಿರಲಿಲ್ಲ. ಏಪ್ರಿಲ್ ಮುಗಿಯುವವರೆಗೂ ಪ್ರಕರಣಗಳು ಬೆರಳೆಣಿಕೆಯಷ್ಟೇ. ಅಂದರೆ ಜಿಲ್ಲೆಯ ಬಹುತೇಕ ಜನ ಮೊದಲು ಅನುಭವಿಸಿದ್ದು ಬೇನೆಯಿಲ್ಲದ ನಿರ್ಬಂಧವನ್ನು. ಈ ಅನುಕ್ರಮವೇ ಮುಂದಿನ ಎಲ್ಲ ಅಭಿಪ್ರಾಯಗಳ ಬುಡ.

ಬೆಟಗೇರಿಯ ಮಗ್ಗಗಳಿಗೆ ನೂಲು ಬರುವುದು ನಿಂತಿತು, ನೇಯ್ದ ಸೀರೆ ಒಯ್ಯುವ ವ್ಯಾಪಾರಿ ಬರಲಿಲ್ಲ. ಚೈತ್ರದಿಂದ ಜ್ಯೇಷ್ಠದವರೆಗಿನ ಕಾಲ ಈ ಭಾಗದಲ್ಲಿ ಮದುವೆಯ ಕಾಲ, ಜಾತ್ರೆಯ ಕಾಲ. ದವನದ ಹುಣ್ಣಿಮೆಗೆ ಗದಗಿನ ತೋಂಟದಾರ್ಯ ಮಠದ ತೇರು, ಮುಂದೆ ಊರೂರ ತೇರು, ಉರುಸು. ಹೂವಿನ ರೈತ, ಬಳೆಗಾರ, ಮಿಠಾಯಿಯವನು, ಬ್ಯಾಂಡಿನವನು, ಪೆಂಡಾಲಿನವನು ವರ್ಷದ ಗಳಿಕೆಯ ದೊಡ್ಡ ಪಾಲನ್ನು ಈ ಮೂರು ತಿಂಗಳಲ್ಲಿ ದುಡಿಯುವವರು. ಎರಡು ವರ್ಷ ಎಡೆಬಿಡದೆ ಲಾಕ್‌ಡೌನ್ ಇದೇ ತಿಂಗಳುಗಳ ಮೇಲೆ ಬಿತ್ತು. ಸಂಬಳದವನಿಗೆ ಅದು ಮನೆಯಲ್ಲಿ ಕೂತ ಕಾಲ. ಇವರಿಗೆ ಹೋದದ್ದು ಎರಡು ವರ್ಷದ ಸುಗ್ಗಿ.

ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದವರ ಪಾಡು ಇನ್ನೂ ಕಷ್ಟದ್ದು. ಕೆಲಸ ನಿಂತ ಕಡೆ ಬಾಡಿಗೆ ನಿಲ್ಲಲಿಲ್ಲ, ಬಸ್ಸು ನಿಂತಿತ್ತು. ಮೇ ಮೊದಲ ವಾರ ರಾಜ್ಯ ಸರ್ಕಾರ ಉಚಿತ ಬಸ್ಸು ಬಿಟ್ಟಿತು. ಅದೇ ವಾರ ಹೊರರಾಜ್ಯದ ಕೂಲಿಕಾರರ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದ ಮೇಲೆ ಮತ್ತೆ ಒಪ್ಪಿತು. ಊರಿಗೆ ಬಂದವರು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿ ಮನೆ ಸೇರಬೇಕಾಯಿತು. ಅಂಥವರಿಗೆ ಉದ್ಯೋಗ ಖಾತ್ರಿಯ ದಿನಕ್ಕೆ 275 ರೂಪಾಯಿಯ ಕೂಲಿ ಮತ್ತು ಪಡಿತರದ ಹೆಚ್ಚುವರಿ ಅಕ್ಕಿ ನಿಜವಾಗಿ ಕೈಹಿಡಿದವು. ಮೇ 6ರಂದು ಪ್ರಕಟವಾದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ಇತ್ತು. ಇಲ್ಲದ್ದಕ್ಕಿಂತ ಒಳ್ಳೆಯದು, ನಿಜ. ಆದರೆ ಇಡೀ ಸಮಾಜದ ರಕ್ಷಣೆಗೆಂದು ಕೆಲವರ ದುಡಿಮೆಯನ್ನು ನಿಲ್ಲಿಸಿದ ಮೇಲೆ ಆ ನಷ್ಟ ಸಮಾಜದ ಸಾಲ. 2,000 ರೂಪಾಯಿ ಆ ಸಾಲದ ಬಡ್ಡಿಗೂ ಸಾಲದು.

ಇದೇ ತಿಂಗಳುಗಳಲ್ಲಿ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳು ಸರ್ಕಾರದ ಆದೇಶಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ದಾರಿಗೆ ಮುಳ್ಳುಬೇಲಿ ಹಾಕಿದವು, ಪರ ಊರಿನವರು ಬರಬಾರದೆಂದು ಡಂಗುರ ಸಾರಿಸಿದವು. ಇದು ಹಳೆಯ ಪದ್ಧತಿಯ ಮುಂದುವರಿಕೆ. ಗ್ರಾಮದೇವತೆಗೆ ‘ವಾರ ಹಿಡಿಯುವ’ ದಿನಗಳಲ್ಲಿ ಈ ಕಡೆ ಊರಿಗೆ ಊರೇ ಹೊಲದ ಕೆಲಸ ನಿಲ್ಲಿಸುತ್ತದೆ. ದಂಡ ಹಾಕುವ ಪೊಲೀಸು ಅಲ್ಲಿ ಇರುವುದಿಲ್ಲ. ಕೂಡಿ ತೀರ್ಮಾನಿಸಿದ ಕಟ್ಟಳೆಯನ್ನು ಮುರಿಯುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಊರೇ ಹಾಕಿಕೊಂಡ ಕಟ್ಟಳೆ ನ್ಯಾಯದ ಕಟ್ಟಳೆಯೇ ಆಗಿರುತ್ತದೆ ಎಂದು ನಂಬುವುದು ಅಪಾಯಕರ. ಗೋವೆಯಿಂದ ಮರಳಿದ ಊರಿನದೇ ಮಗನನ್ನು ಬೇಲಿಯ ಹೊರಗೆ ನಿಲ್ಲಿಸಿದ್ದು, ಗುಣವಾಗಿ ಬಂದವರಿಗೆ ನಲ್ಲಿ ನೀರು, ಕಿರಾಣಿ ನಿರಾಕರಿಸಿದ್ದು, ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರನ್ನು ಗದರಿಸಿ ಕಳಿಸಿದ್ದು ರಾಜ್ಯದ ಹಲವು ಕಡೆ ನಡೆದ ಸಂಗತಿಗಳು. 2020ರ ಏಪ್ರಿಲ್‌ನಲ್ಲಿ ದೆಹಲಿಯ ನಿಜಾಮುದ್ದೀನ್ ಸಭೆಯ ಸುದ್ದಿ ಹರಡಿದ ಮೇಲೆ ಮುಸ್ಲಿಂ ತರಕಾರಿ ವ್ಯಾಪಾರಿಗಳನ್ನು ಹಲವೆಡೆ ಓಣಿಗೆ ಬಿಡಲಿಲ್ಲ. ಶಿರಹಟ್ಟಿಯ ಫಕ್ಕೀರೇಶ್ವರ ಮಠ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾಗಳಿಗೆ ಎರಡೂ ಧರ್ಮದವರು ನಡೆದುಕೊಳ್ಳುವ ಈ ನಾಡಿನಲ್ಲಿ ಆ ಶಂಕೆ ಒಂದು ವಾರಕ್ಕೂ ತಲೆಯೆತ್ತಬಾರದಿತ್ತು. ಸ್ಥಳೀಯ ಒಪ್ಪಿಗೆ ಇಲ್ಲದೆ ನಿರ್ಬಂಧ ನಿಲ್ಲುವುದಿಲ್ಲ. ಆ ಒಪ್ಪಿಗೆಯಲ್ಲಿ ಯಾರ ದನಿ ಸೇರಿಲ್ಲ ಎಂದು ನೋಡುವ ಮೇಲಿನ ಕಣ್ಣೂ ಬೇಕು.

2021ರಲ್ಲಿ ಅನುಕ್ರಮ ತಿರುಗಿತು. ಎರಡನೆಯ ಅಲೆ ಬರುತ್ತದೆಂದು ರಾಜ್ಯದ ತಾಂತ್ರಿಕ ಸಲಹಾ ಸಮಿತಿ ಮೊದಲೇ ಎಚ್ಚರಿಸಿತ್ತು. ಆದರೂ ಏಪ್ರಿಲ್ 17ರಂದು ಬೆಳಗಾವಿ, ಮಸ್ಕಿ, ಬಸವಕಲ್ಯಾಣಗಳ ಉಪಚುನಾವಣೆ ನಡೆಯಿತು, ಅದಕ್ಕೆ ಮುನ್ನ ದೊಡ್ಡ ಪ್ರಚಾರ ಸಭೆಗಳು ನಡೆದವು. ರಾಜ್ಯ ಬಾಗಿಲು ಹಾಕಿದ್ದು ಏಪ್ರಿಲ್ 27ರ ರಾತ್ರಿ. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಅದಕ್ಕೆ ಎರಡು ದಿನ ಮುಂಚೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ರೋಗಿಗಳು ಸತ್ತಿದ್ದರು. ಆಮ್ಲಜನಕದ ಕೊರತೆ ರಾಜ್ಯದ ಎದೆ ನಡುಗಿಸಿತು. 2020ರಲ್ಲಿ ನಗರದ ಬೇನೆಯಾಗಿದ್ದದ್ದು ಈಗ ಹಳ್ಳಿಯ ಬೇನೆಯಾಗಿತ್ತು. ಗದಗ ಜಿಲ್ಲೆಯ ಹಳ್ಳಿಗಳಿಗೆ ಮಲ್ಲಸಮುದ್ರದ ಬಳಿಯ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜಿಮ್ಸ್, ಮುಖ್ಯ ಆಸರೆ. ಅದು ಶುರುವಾಗಿ ಆಗ ಕೇವಲ ಆರು ವರ್ಷ. ಅದೊಂದು ಇಲ್ಲದಿದ್ದರೆ ಉಸಿರು ಕಟ್ಟಿದ ರೋಗಿಯನ್ನು ಹೊತ್ತು ಹುಬ್ಬಳ್ಳಿಯವರೆಗೆ ಓಡಬೇಕಿತ್ತು.

ಹಿಂದಿನ ವರ್ಷ ಲಾಕ್‌ಡೌನನ್ನು ಬೈದವರಲ್ಲಿ ಅನೇಕರು ಈ ಬಾರಿ ಲಾಕ್‌ಡೌನ್ ಏಕೆ ತಡವಾಯಿತು ಎಂದು ಕೇಳಿದರು. ಇದನ್ನು ಅಭಿಪ್ರಾಯದ ಚಂಚಲತೆ ಎನ್ನಲಾಗದು. ಅನುಭವದ ಸರದಿ ಬದಲಾಗಿತ್ತು. ಬೇನೆಯಿಲ್ಲದೆ ಬಂದ ನಿರ್ಬಂಧ ಅವಿಶ್ವಾಸ ಹುಟ್ಟಿಸಿತು. ನಿಜವಾದ ಬೇನೆ ಬಂದಾಗ ಆ ಅವಿಶ್ವಾಸದ ಭಯದಿಂದಲೇ ಸರ್ಕಾರ ಹಿಂಜರಿಯಿತು ಎಂದು ನಂಬಲು ಸಾಕಷ್ಟು ಕಾರಣವಿದೆ. ಮೊದಲ ವರ್ಷದ ಅತಿ, ಎರಡನೆಯ ವರ್ಷದ ಕೊರತೆಗೆ ದಾರಿ ಮಾಡಿತು. ಇದರ ನಡುವೆ ಸಣ್ಣ ಉದಾಹರಣೆಯೊಂದು ಉಂಟು. 2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1,000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ದಂಡ ಎಂದು ಪ್ರಕಟವಾಯಿತು. ವಾರ ಕಳೆಯುವಷ್ಟರಲ್ಲಿ ಅದು 250 ಮತ್ತು 100 ರೂಪಾಯಿಗೆ ಇಳಿಯಿತು. ಹಳ್ಳಿಯ ದಿನಗೂಲಿಯ ಸುಮಾರು ಎರಡರಷ್ಟು ದಂಡ ಹಾಕುವ ಮುನ್ನ ಯಾರೂ ಹಳ್ಳಿಯ ಕೂಲಿಯನ್ನು ನೆನೆಯಲಿಲ್ಲ. ಜನರ ಕೂಗಿಗೆ ಬದಲಾದದ್ದು ಒಳ್ಳೆಯದೇ. ಆದರೆ ಮಾಸ್ಕಿನ ಅಗತ್ಯವೇ ಅಷ್ಟಕ್ಕಷ್ಟೇ ಎಂಬ ತಪ್ಪು ಸಂದೇಶವೂ ಅದರೊಡನೆ ಹೋಯಿತು.

ಗುಣವಾದವರ ಸಾಕ್ಷ್ಯವನ್ನೂ ಇಲ್ಲಿ ತೂಗಿ ನೋಡಬೇಕು. ಕಪ್ಪತಗುಡ್ಡದ ಸೆರಗಿನ ಈ ಊರುಗಳಲ್ಲಿ ಗಿಡಮೂಲಿಕೆಯ ತಿಳಿವಳಿಕೆ ಹಳೆಯದು, ಗೌರವಕ್ಕೆ ತಕ್ಕದ್ದು. ಅಮೃತಬಳ್ಳಿ, ಶುಂಠಿ, ಮೆಣಸಿನ ಕಷಾಯ ಕುಡಿದು ಕೊರೊನಾ ಗೆದ್ದೆವು ಎಂದು ಹೇಳಿದವರು ಲೆಕ್ಕವಿಲ್ಲದಷ್ಟು. ಅವರು ಕಷಾಯ ಕುಡಿದದ್ದೂ ನಿಜ, ಗುಣವಾದದ್ದೂ ನಿಜ. ಆದರೆ ಸೋಂಕು ತಗುಲಿದ ಬಹುಪಾಲು ಜನ ಯಾವ ಔಷಧವಿಲ್ಲದೆಯೂ ಗುಣವಾಗುವ ರೋಗದಲ್ಲಿ, ಗುಣವಾಗುವ ಮುನ್ನ ಏನು ಕುಡಿದರೂ ಕೀರ್ತಿ ಅದಕ್ಕೇ ಹೋಗುತ್ತದೆ. ‘ನನಗೆ ಬರೇ ನೆಗಡಿಯಂಗ ಬಂದು ಹೋತು’ ಎನ್ನುವವನ ಮಾತು ಅವನ ಮಟ್ಟಿಗೆ ಪೂರ್ತಿ ಸತ್ಯ; ಅವನಿಂದ ಸೋಂಕು ಪಡೆದ ಹಿರಿಯರ ಮಟ್ಟಿಗೆ ಅದು ಏನನ್ನೂ ಹೇಳುವುದಿಲ್ಲ. ಕಷಾಯ ಕುಡಿದೂ ಉಳಿಯದವರು ಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳಲು ಬರುವುದಿಲ್ಲ. ನಿರ್ಬಂಧದಿಂದಾಗಿ ಸೋಂಕು ತಗುಲದೆ ಉಳಿದವರಿಗೂ ಹೇಳಲು ಕಥೆಯಿಲ್ಲ, ಏಕೆಂದರೆ ತಾವು ಉಳಿದೆವು ಎಂಬುದೇ ಅವರಿಗೆ ತಿಳಿಯದು. ಪ್ಲೇಗಿನ ಇಲಿಯಂತೆ ಈ ರೋಗ ಮುನ್ಸೂಚನೆ ಕೊಡುತ್ತಿರಲಿಲ್ಲ. ಲಕ್ಷಣವೇ ಇಲ್ಲದವರಿಂದಲೂ ಹರಡುವ ಬೇನೆಯನ್ನು ಕಣ್ಣಳತೆಯಿಂದ ಅಳೆಯಲಾಗದು.

ಹಾಗಾದರೆ ಅಳೆಯುವುದು ಲೆಕ್ಕದಿಂದ. ಆ ಲೆಕ್ಕವೂ ಪೂರ್ತಿಯಾಗಿಲ್ಲ. ಕರ್ನಾಟಕದ ಅಧಿಕೃತ ಕೊರೊನಾ ಸಾವುಗಳು ಸುಮಾರು 40,000. ದೇಶದ ಅಧಿಕೃತ ಸಂಖ್ಯೆ 2021ರ ಕೊನೆಗೆ ಐದು ಲಕ್ಷದೊಳಗಿತ್ತು. ಅದೇ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮುಂದಿಟ್ಟ ಅಂದಾಜು 47 ಲಕ್ಷ, ಭಾರತ ಸರ್ಕಾರ ಅದನ್ನು ಒಪ್ಪಲಿಲ್ಲ. ಮನೆಯಲ್ಲೇ, ಪರೀಕ್ಷೆಯಿಲ್ಲದೆ, ‘ಜ್ವರ ಬಂದು ತೀರಿಕೊಂಡರು’ ಎಂದು ದಫನವಾದ ಹಳ್ಳಿಯ ಸಾವುಗಳು ಈ ಎರಡು ಸಂಖ್ಯೆಗಳ ನಡುವೆ ಎಲ್ಲೋ ಇವೆ. ಅಂತ್ಯಕ್ರಿಯೆಗೆ ಐದೇ ಜನ ಎಂಬ ನಿಯಮದಿಂದ ಅಣ್ಣತಮ್ಮಂದಿರಿಗೂ ಮಣ್ಣು ಕೊಡಲಾಗದ ಮನೆಗಳಿಗೆ, ತಮ್ಮವರ ಸಾವು ಲೆಕ್ಕಕ್ಕೂ ಸೇರಲಿಲ್ಲ ಎಂಬುದು ಎರಡನೆಯ ಪೆಟ್ಟು.

ಇಷ್ಟನ್ನು ಮುಂದಿಟ್ಟುಕೊಂಡು ನೋಡಿದರೆ ನಿರ್ಬಂಧಗಳೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಒಪ್ಪುವುದೂ ಬಿಸಾಡುವುದೂ ಸಲ್ಲ. ಜಾತ್ರೆ, ಸಭೆ, ಚುನಾವಣಾ ಪ್ರಚಾರದಂಥ ದೊಡ್ಡ ಜನಸಂದಣಿಯನ್ನು ತಡೆಯುವುದಕ್ಕೆ ಸಮರ್ಥನೆ ಇತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ಮೊದಲೇ, ಎಲ್ಲರಿಗೂ ಸಮನಾಗಿ ಮಾಡಬೇಕಿತ್ತು. ನಾಲ್ಕು ಗಂಟೆಯ ಅವಧಿ ಕೊಟ್ಟು ದೇಶವನ್ನೇ ಮುಚ್ಚಿ, ಕೂಲಿಕಾರರನ್ನು ಊರಿಗೆ ಮುಟ್ಟಿಸದೆ ಬಿಟ್ಟದ್ದಕ್ಕೆ ಸಮರ್ಥನೆ ಇಲ್ಲ. ಎಲ್ಲಕ್ಕಿಂತ ಸಮರ್ಥಿಸಲಾಗದ್ದು ಶಾಲೆಗಳ ವಿಷಯ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ರಂದು. ಮದ್ಯದಂಗಡಿಗಳು ತೆರೆದದ್ದು 2020ರ ಮೇ 4ರಂದು. ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಶಿಕ್ಷಕರು ಪಾಠ ಹೇಳಿದ ‘ವಿದ್ಯಾಗಮ’ ಹಳ್ಳಿಗೆ ಒಗ್ಗುವ ಯೋಜನೆಯಾಗಿತ್ತು. ಬಯಲಿನ ಗಾಳಿಯಲ್ಲಿ ಚಿಕ್ಕ ಗುಂಪು ಎಂಬ ಅದರ ತತ್ವವೂ ಸರಿಯಾಗಿತ್ತು. ಸೋಂಕಿನ ಸುದ್ದಿಗಳು ಬಂದಾಗ 2020ರ ಅಕ್ಟೋಬರ್‌ನಲ್ಲಿ ಅದನ್ನು ತಿದ್ದುವ ಬದಲು ನಿಲ್ಲಿಸಿದರು, ಜನವರಿಯಲ್ಲಿ ಮತ್ತೆ ಆರಂಭಿಸಿದರು. ಮೊಬೈಲಿಲ್ಲದ ಮನೆಯ ಮಗು ಮೂರನೆಯ ತರಗತಿಯನ್ನು ಓದದೆಯೇ ನಾಲ್ಕಕ್ಕೆ ಹೋಯಿತು. ಆ ಮಗುವಿನ ಅನುಭವ ಯಾವ ಸಮಿತಿಯ ಮುಂದೆಯೂ ಸಾಕ್ಷಿಯಾಗಿ ಬರಲಿಲ್ಲ.

1897ರ ಕಾಯ್ದೆಗೆ ನಾಲ್ಕೇ ಕಲಮುಗಳಿದ್ದವು, ನಾಲ್ಕನೆಯದು ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯನ್ನು ಮೊಕದ್ದಮೆಯಿಂದ ಕಾಪಾಡುವಂಥದ್ದು. ದುಡಿಮೆ ಕಳೆದುಕೊಂಡವನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. 2020ರಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿತು. ಅದರ ಒತ್ತು ಇದ್ದದ್ದೂ ಸರ್ಕಾರದ ಅಧಿಕಾರ, ಶಿಕ್ಷೆ ಮತ್ತು ಆರೋಗ್ಯ ಸಿಬ್ಬಂದಿಯ ರಕ್ಷಣೆಯ ಮೇಲೆ. ಸಿಬ್ಬಂದಿಯ ರಕ್ಷಣೆ ಬೇಕೇ ಬೇಕು. ಅದರ ಪಕ್ಕದಲ್ಲಿ ಇರಬೇಕಾದದ್ದು ಮೂರು: ಯಾರ ದುಡಿಮೆ ನಿಲ್ಲಿಸಿದರೆ ಎಷ್ಟು ದಿನದೊಳಗೆ ಎಷ್ಟು ಪರಿಹಾರ ಎಂಬ ಲೆಕ್ಕ, ಆದೇಶ ಎಷ್ಟು ದಿನಕ್ಕೊಮ್ಮೆ ಮರುಪರಿಶೀಲನೆಗೆ ಬರಬೇಕೆಂಬ ಕಟ್ಟು, ಗ್ರಾಮ ಪಂಚಾಯಿತಿಯ ಮಾತಿಗೆ ಜಾಗ. ಎರಡನೆಯ ಅಲೆಯಲ್ಲಿ ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ಮನೆಮನೆ ಎಣಿಕೆ, ಔಷಧ ಕಿಟ್ಟು, ಪ್ರತ್ಯೇಕವಾಸದ ವ್ಯವಸ್ಥೆಗಳನ್ನು ನಿಭಾಯಿಸಿದವು. ಯಾರು ಎಲ್ಲಿಗೆ ದುಡಿಯಲು ಹೋಗಿದ್ದರು, ಯಾವಾಗ ಮರಳಿದರು, ಯಾವ ಮನೆಯಲ್ಲಿ ಸಾವಾಯಿತು, ಯಾವ ಮಗು ಶಾಲೆ ಬಿಟ್ಟಿತು ಎಂಬುದು ಜಿಲ್ಲಾ ಕಚೇರಿಗಿಂತ ಅವಕ್ಕೆ ಚೆನ್ನಾಗಿ ಗೊತ್ತು. ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇರುವುದು ಗದಗ ಬಳಿಯ ನಾಗಾವಿಯಲ್ಲೇ. ಸುತ್ತಲಿನ ನಾಲ್ಕು ತಾಲ್ಲೂಕುಗಳ ಪಂಚಾಯಿತಿಗಳ ಆ ಎರಡು ವರ್ಷದ ದಾಖಲೆಗಳನ್ನು, ಜನನ, ಮರಣ ನೋಂದಣಿಯ ಪುಸ್ತಕಗಳನ್ನು, ಮನೆಯವರ ಮಾತುಗಳನ್ನು ಒಟ್ಟಿಗೆ ಇಟ್ಟು ಓದುವ ಕೆಲಸ ಅಲ್ಲಿಗೆ ಸಹಜವಾಗಿ ಒಪ್ಪುತ್ತದೆ. 1898ರ ಲಸಿಕೆಯ ಫಲ ಗೊತ್ತಾದದ್ದು ಇಡೀ ಊರಿನ ಎಣಿಕೆ ಇದ್ದದ್ದರಿಂದ. 2020–21ರ ನಿರ್ಬಂಧಗಳಿಗೆ ಅಂಥ ಎಣಿಕೆ ಸಾಧ್ಯವಾಗುವುದು, ಆ ದಿನಗಳನ್ನು ಕಂಡವರ ನೆನಪು ಹಸಿಯಾಗಿರುವವರೆಗೆ ಮತ್ತು ಆ ಕಾಗದಗಳು ಪಂಚಾಯಿತಿಯ ಕಪಾಟಿನಲ್ಲಿ ಉಳಿದಿರುವವರೆಗೆ.